ಕರಗದೆ ಉಳಿದ ಸರ

ಅಂಗಡಿಯ ಹಿಂದಿನ ಕೋಣೆ,
ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಗುಬ್ಬಿ,

ಹೇಗಿದ್ದೀಯಮ್ಮ? ಕೆಮ್ಮು ಹೋಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ಮ್ಯೂಸಿಯಂನ ಗಾಜಿನ ಪೆಟ್ಟಿಗೆ ನೋಡಿಕೊಂಡೇ ಹೊಟ್ಟೆ ತುಂಬಿಸಿಕೊಳ್ಳುತ್ತೀಯೋ? ನನ್ನ ಮೊಣಕಾಲು ಹಾಗೇ ಇದೆ, ನಿನ್ನಜ್ಜಿಯ ಬಾಯಿಯೂ ಹಾಗೇ ಇದೆ. ಆದ್ದರಿಂದ ಇಬ್ಬರೂ ಕ್ಷೇಮ ಎಂದು ತಿಳಿ.

ನಿನ್ನ ಕಾಗದ ಓದಿದೆ. ಒಡವೆಗಳ ಮಾದರಿ ಕಾಲದಿಂದ ಕಾಲಕ್ಕೆ ಹೇಗೆ ಬದಲಾಯಿತು ಎಂದು ಪ್ರದರ್ಶನ ಇಡುತ್ತೀರಂತೆ, ನಮ್ಮ ಮನೆಯ ಹಳೆಯ ಒಡವೆಗಳ ಫೋಟೋ ಬೇಕಂತೆ. ಅಕ್ಕಸಾಲಿಗರ ಮನೆ, ಪೆಟ್ಟಿಗೆ ತುಂಬ ಇರುತ್ತದೆ ಎಂದುಕೊಂಡೆಯಲ್ಲ? ಇಲ್ಲ ಮಗಳೇ. ಉಳಿದಿರುವುದು ಒಂದೇ, ಅದೂ ಈಗ ಚಿನ್ನ ಕರಗಿಸುವ ಮೂಸೆಯ ಪಕ್ಕದಲ್ಲೇ ಕೂತಿದೆ.

ನಮ್ಮಪ್ಪ ಹಾಕಿದ ಕಟ್ಟಳೆ ಹಾಗಿತ್ತು. ಮನೆಗೆ ಹೊಸ ಒಡವೆ ಬೇಕೆಂದರೆ ಮನೆಯ ಹಳೆಯದನ್ನೇ ಕರಗಿಸಬೇಕು. ನನ್ನಮ್ಮನ ಕಾಲದಲ್ಲಿ ತೂಕವೇ ಅಂದ. ಅವಳ ಬಳೆಗಳು ಬೆರಳಿನಷ್ಟು ದಪ್ಪ. ಅಡುಗೆಮನೆಯಲ್ಲಿ ಕೈಯಾಡಿಸಿದರೆ ಬೀದಿಗೆ ಕೇಳುತ್ತಿತ್ತು. ಆಮೇಲೆ ಹೂಬಳ್ಳಿಯ ಹುಚ್ಚು ಬಂತು. ಬಳೆಗಳು ಕರಗಿ, ಎಲೆ ಮೊಗ್ಗು ಕೆತ್ತಿದ ಪದಕವಾಗಿ ಅವಳ ಕೊರಳಿಗೇ ಏರಿದವು. ನಿನ್ನಮ್ಮ ಕಾಲೇಜಿಗೆ ಹೋಗುವ ಹೊತ್ತಿಗೆ ಹೂವೆಂದರೆ ಮುದುಕಿಯರ ಮಾಲು, ಬೇಕಾದ್ದು ಚೌಕ, ತ್ರಿಕೋನ, ಬಣ್ಣದ ಕಲ್ಲು. ಪದಕ ಚೌಕದ ಓಲೆಯಾಯಿತು. ಮುಂದೆ ಕಂಡೂ ಕಾಣದಂತಿರುವುದೇ ಚೆಂದ ಅಂದರು. ಓಲೆ ನೂಲಿನಂಥ ಸರವಾಗಿ, ಬಸ್ಸಿನಲ್ಲಿ ಎಲ್ಲೋ ಕಡಿದುಬಿದ್ದು ಹೋಯಿತು. ನೋಡು, ನಿನ್ನ ಚರಿತ್ರೆಯೆಲ್ಲ ಇಷ್ಟೇ.

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂದು ಜನ ಆಡಿಕೊಳ್ಳುತ್ತಾರೆ. ನಾನು ಗುಲಗಂಜಿ ತೂಕವನ್ನೂ ಕದ್ದವನಲ್ಲ. ಆದರೆ ಆ ಪದಕದ ಮೊಗ್ಗುಗಳನ್ನು ಅಪ್ಪ ಕಣ್ಣು ಕಿರಿದು ಮಾಡಿಕೊಂಡು ಒಂದೊಂದಾಗಿ ಕೆತ್ತಿದ್ದರು. ನಾನು ಊದುಗೊಳವೆ ಊದಿ ಒಂದು ಗಳಿಗೆಯಲ್ಲಿ ನೀರು ಮಾಡಿದೆ. ಆಗ ಏನೂ ಅನ್ನಿಸಲಿಲ್ಲ. ಈಗ ಅಪ್ಪನ ಕೈಕೆಲಸ ಎಂದು ನಿನಗೆ ತೋರಿಸಲು ಒಂದು ಎಲೆಯೂ ಇಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಉಳಿದಿರುವುದು ನಿನ್ನಜ್ಜಿಯ ಸರ, ಕೊರಳಿಗೆ ಒತ್ತಿ ಕೂರುವ ಅಗಲ ಪಟ್ಟಿಯದು. ನಾನು ಮೊದಲ ಸಲ ಒಬ್ಬನೇ ಕೂತು ಮಾಡಿದ್ದು, ಕೊಂಡಿ ಇವತ್ತಿಗೂ ಸೊಟ್ಟ. ಎಷ್ಟು ಫ್ಯಾಷನ್ ಬಂದು ಹೋದರೂ, ಜಪ್ಪಯ್ಯ ಅಂದರೂ ಕರಗಿಸಲು ಕೊಟ್ಟವಳಲ್ಲ. ಅಂಥವಳು ಮೊನ್ನೆ ತಾನೇ ತಂದು ನನ್ನ ಮುಂದಿಟ್ಟಳು. "ರೀ, ಇದನ್ನ ಕರಗಿಸಿ. ಗುಬ್ಬಿಗೆ ಎರಡು ಸಣ್ಣ ಸರ ಆಗುತ್ತೆ. ಈಗಿನವರು ಇಂಥದ್ದು ಎಲ್ಲಿ ಹಾಕ್ಕೋತಾರೆ?" ಅಂದಳು. ಈಗ ಹಳೆಯದಕ್ಕೇ ಬೆಲೆ ಅಂತೆ ಕಣೇ ಅಂದರೆ ನಂಬುವುದಿಲ್ಲ. "ನನ್ನ ಸಮಾಧಾನಕ್ಕೆ ಹೇಳ್ತೀರಿ" ಅನ್ನುತ್ತಾಳೆ. ಒಲೆ ಕೆಟ್ಟಿದೆ ಎಂದು ಸುಳ್ಳು ಹೇಳಿ ದಿನ ದೂಡುತ್ತಿದ್ದೇನೆ. ಅವಳು ಬಂದು ಒಲೆಯನ್ನೂ ನನ್ನನ್ನೂ ನೋಡಿ ಹುಬ್ಬು ಹಾರಿಸಿ ಹೋಗುತ್ತಾಳೆ. ಇನ್ನೆಷ್ಟು ದಿನ ನಡೆದೀತು ಈ ನಾಟಕ?

ಮೈ ಜೋಪಾನ. ಅಜ್ಜಿ ನೂರು ಸಲ ಹರಸಿದ್ದಾಳೆ, ನನ್ನದನ್ನೂ ಅದರಲ್ಲೇ ಸೇರಿಸಿಕೋ.

ನಿನ್ನ
ತಾತ

ತಾ. ಕ.: ಲಕೋಟೆ ಅಂಟಿಸುವ ಮೊದಲು ನಿಜ ಹೇಳಿಬಿಡುತ್ತೇನೆ. ನೀನು ಹೈಸ್ಕೂಲಿನಲ್ಲಿದ್ದಾಗ ಅಜ್ಜಿ ಆ ಸರ ಹಾಕಿಕೊಂಡು ನಿನ್ನ ಶಾಲೆಗೆ ಬಂದಿದ್ದಳು. "ಅಯ್ಯೋ ಅಜ್ಜಿ, ನಾಯಿ ಬೆಲ್ಟ್ ಥರ ಇದೆ!" ಎಂದು ಗೆಳತಿಯರ ಮುಂದೆ ನಕ್ಕೆ. ನಿನಗೆ ನೆನಪಿರಲಾರದು. ಅವಳೂ ನಕ್ಕಳು. ಮನೆಗೆ ಬಂದು ಬಿಚ್ಚಿಟ್ಟವಳು ಮತ್ತೆ ಹಾಕಿಕೊಂಡಿಲ್ಲ. ಬೈಯಲು ಬರೆಯುತ್ತಿಲ್ಲ ಕಂದಾ, ಆಡುವ ವಯಸ್ಸು, ಆಡಿದೆ. ಕಾಗದ ಕೈಸೇರಿದ ಕೂಡಲೇ ಅಜ್ಜಿಗೆ ಫೋನ್ ಮಾಡು. ಪ್ರದರ್ಶನಕ್ಕೆ ಸರ ಬೇಕು ಅನ್ನಬೇಡ. ಕೇಳಿದರೆ ಹಿಂದೆಮುಂದೆ ನೋಡದೆ ಕೊಟ್ಟುಬಿಡುತ್ತಾಳೆ. ಅದನ್ನು ಹಾಕಿಕೊಂಡು ಒಂದು ಫೋಟೋ ತೆಗೆಸಿಕೋ ಅಜ್ಜಿ, ನಿನ್ನ ಮುಖವೂ ಕಾಣಬೇಕು ಅನ್ನು.