ಅಕ್ಕನ ಕುರ್ಚಿಗೆ ಸಂದರ್ಶನ

ಮನೆಯಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ಅಕ್ಕ,

ಕಣ್ಣುರಿ ಈಗ ಹೇಗಿದೆ? ಕಂಪ್ಯೂಟರ್ ಮುಖ ನೋಡುವುದು ಬಿಟ್ಟು ವರ್ಷವಾಯಿತು, ಇಷ್ಟರಲ್ಲಿ ಕಡಿಮೆಯಾಗಿರಬೇಕು. ಆದರೂ ಹನಿ ಹಾಕಿಕೊಳ್ಳುವುದನ್ನು ಮರೆಯಬೇಡ. ನೀನೀಗ ಪಾಠ ಹೇಳುವ ಶಾಲೆಯ ಮಕ್ಕಳು ನಿನ್ನ ಮಾತು ಕೇಳುತ್ತಾರಾ, ಇಲ್ಲ ನನ್ನ ಹಾಗೇನಾ? ಕಂಡವರ ಇಮೇಲ್ ಓದಿ ಓದಿ ಸಾಕಾಯಿತೆಂದು ಕೆಲಸವನ್ನೂ ಫೋನನ್ನೂ ಬಿಟ್ಟು ಹೋದವಳು ನೀನು, ಅದಕ್ಕೇ ಈ ತಂಗಿ ಪೆನ್ನು ಹಿಡಿಯಬೇಕಾಗಿದೆ. ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ನಗಬೇಡ. ನಾನು ಚೆನ್ನಾಗಿದ್ದೇನೆ. ಮನೆ ಮಾತ್ರ ದೊಡ್ಡದಾಗಿಬಿಟ್ಟಿದೆ. ಇಡೀ ದಿನ ಬೇರೆಯವರ ಮಾತು ಓದಿ ಬಂದು ಬೀಗ ತೆಗೆದರೆ, 'ಬಂದ್ಯಾ' ಎನ್ನಲು ಒಂದು ಜೀವವಿಲ್ಲ.

ಈಗ ಆಫೀಸಿನ ಸುದ್ದಿ. ನಿನ್ನ ಜಾಗವನ್ನು ಇಷ್ಟು ದಿನ ಖಾಲಿ ಇಟ್ಟಿದ್ದ ನಮ್ಮ ಹಿರಿಯ ವಕೀಲರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು: "ಕೇಸುಗಳು ಕಾಯಲ್ಲಮ್ಮ. ಆ ಕುರ್ಚಿಗೆ ಜನ ನೋಡು." ಕಂಪ್ಯೂಟರು, ಫೋನುಗಳ ರಾಶಿಯಿಂದ ಕೇಸಿಗೆ ಬೇಕಾದ ಸಾಕ್ಷ್ಯ ಹೆಕ್ಕುವವರು ಬೇಕೆಂದು ನಾನೇ ಜಾಹೀರಾತು ಕೊಟ್ಟೆ, ವಾರವಿಡೀ ಸಂದರ್ಶನ ಮಾಡಿದೆ. ಒಬ್ಬ ಸಾಫ್ಟ್‌ವೇರುಗಳ ಹೆಸರನ್ನು ಮಗ್ಗಿಯ ಹಾಗೆ ಒಪ್ಪಿಸಿದ. ನಮ್ಮ ಕಕ್ಷಿದಾರನಿಗೇ ಮುಳುವಾಗುವ ಇಮೇಲ್ ಸಿಕ್ಕರೆ ಅಳಿಸಿಬಿಡೋಣವೇ ಎಂದು ಬೇಕೆಂದೇ ಕೇಳಿದೆ. "ನೀವು ಹೇಗೆ ಹೇಳ್ತೀರೋ ಹಾಗೆ ಮೇಡಂ" ಎಂದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಪೈಕಿ. ನೀನಿದ್ದಿದ್ದರೆ ನಗು ತಡೆಯಲಾಗದೆ ಮೇಜಿನ ಕೆಳಗೆ ನನ್ನ ಕಾಲು ತುಳಿಯುತ್ತಿದ್ದೆ.

ನೀನು ಮಾಡಿಟ್ಟ ಪರೀಕ್ಷೆಯನ್ನೇ ಎಲ್ಲರಿಗೂ ಕೊಟ್ಟೆ. ಇಲ್ಲದ ಕಂಪನಿಯೊಂದರ ಇಮೇಲ್‌ಗಳ ಕಂತೆ. ದಾಖಲೆ ತಿದ್ದಿದ ಸಂಜೆ ತಾನು ಆಫೀಸಿನಲ್ಲೇ ಇರಲಿಲ್ಲ ಎನ್ನುವ ಮ್ಯಾನೇಜರು. ಕೇಸಿಗೆ ಬೇಕಾದದ್ದು ಒಂದು ಕಡೆ, ಬೇಡದ್ದು ಇನ್ನೊಂದು ಕಡೆ ಹಾಕಬೇಕು. ಆ ಸಂಜೆಯೇ ಮ್ಯಾನೇಜರು ತಂಗಿಗೆ ಕಳಿಸಿದ ಸಾಲೊಂದು ನಡುವೆ ಇದೆಯಲ್ಲ: "ಆಫೀಸಿಂದ ಹೊರಡೋದು ತಡ ಆಗುತ್ತೆ ಕಣೆ. ನೀನು ಊಟ ಮಾಡಿಬಿಡು, ಕಾಯಬೇಡ." ನನಗೆ ದಿನಾ ಕಳಿಸುತ್ತಿದ್ದ ಸಾಲನ್ನೇ ಅಲ್ಲಿ ತುರುಕಿದ್ದೀಯ, ಸೋಮಾರಿ. ಬಂದವರೆಲ್ಲ ಅದನ್ನು ಮನೆಯ ಮಾತು ಎಂದು ಬೇಡದ ಕಡೆಗೆ ತಳ್ಳಿದರು. ಪ್ರತಿ ಸಲವೂ ನಾನು ಅದನ್ನು ಎತ್ತಿ ಮತ್ತೆ ಕಂತೆಗೆ ಸೇರಿಸಿದೆ.

ಕೊನೆಗೆ ಬಂದದ್ದು ವಿಮಾ ಕಂಪನಿಯೊಂದರಲ್ಲಿ ಇದೇ ಕೆಲಸ ಮಾಡಿದ್ದ ಹೆಂಗಸು. ಆ ಸಾಲಿಗೆ ಬಂದು ನಿಂತಳು. "ಇದು ಬೇಕು ಮೇಡಂ. ಅವರು ಆವತ್ತು ಆಫೀಸಲ್ಲೇ ಇದ್ರು ಅಂತ ಇದೊಂದೇ ಹೇಳೋದು" ಎಂದಳು. ಮತ್ತೆ ಪರದೆಯನ್ನೇ ನೋಡುತ್ತಾ, "ಪಾಪ, ಕಾಯಬೇಡ ಅಂದ್ರೂ ಆ ತಂಗಿ ಕಾಯ್ತಾನೇ ಕೂತಿರ್ತಾಳೆ" ಎಂದಳು. ನನಗೆ ಮುಂದಿನ ಪ್ರಶ್ನೆಯೇ ಮರೆತುಹೋಯಿತು. ನೀರು ಕುಡಿದು ಸಂಬಳದ ಮಾತಿಗೆ ಬಂದೆ.

ನಾಳೆಯಿಂದ ಅವಳು ಬರುತ್ತಾಳೆ. ಕುರ್ಚಿಗೆ ತೂಗುಹಾಕಿದ್ದ ನಿನ್ನ ಸ್ವೆಟರನ್ನೂ ಹಿಡಿ ಮುರಿದ ಕಪ್ಪನ್ನೂ ಮನೆಗೆ ತಂದಿದ್ದೇನೆ. ಸ್ವೆಟರು ನಾನೇ ಹಾಕಿಕೊಂಡಿದ್ದೇನೆ, ಬೈಯಬೇಡ. ಹಿರಿಯ ವಕೀಲರು ನಿನ್ನನ್ನು ಕೇಳಿದರು. ನನ್ನ ತಲೆಯ ಮೇಲೆ ನಿನ್ನ ಕೈ ಇರಲಿ.

ಇಂತಿ ನಿನ್ನ
ಗುಬ್ಬಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದು. ಹಿಂದಿನ ಕಾಗದಗಳಲ್ಲೆಲ್ಲ ಆಫೀಸು ನಿನ್ನನ್ನು ಕರೆಯುತ್ತಿದೆ, ಬಾ ಎಂದೇ ಬರೆದೆ. ಇನ್ನು ಆ ನೆಪವೂ ಇಲ್ಲ. ಆಫೀಸಿಗೆ ಜನ ಸಿಕ್ಕರು, ನನಗೆ ನೀನೇ ಬೇಕು. ಮನೆಗೆ ಬಾ ಅಕ್ಕ. ನಾನಿನ್ನೂ ಊಟಕ್ಕೆ ಕೂತಿಲ್ಲ.