ನಿಮ್ಮಪ್ಪನ ಧೋತರದ ಪರದೆ

ಜಮಖಂಡಿ
೩ ಸೆಪ್ಟೆಂಬರ್ ೨೦೨೫, ಬುಧವಾರ

ಚಿ. ಪಾಂಡುರಂಗನಿಗೆ,

ನಿನ್ನ ಆಯಿಯ ತುಂಬು ಮನಸ್ಸಿನ ಆಶೀರ್ವಾದ. ನಾನೂ ನಿನ್ನ ಮಗಳೂ ಇಲ್ಲಿ ಗಟ್ಟಿಮುಟ್ಟಾಗಿದ್ದೇವೆ. ನೀನೂ ಸೊಸೆಯೂ ವಿಜಯಪುರದಲ್ಲಿ ಆರಾಮ ಇದ್ದೀರೆಂದು ತಿಳಿಯುತ್ತೇನೆ. ಭಾನುವಾರ ನೀನು ಫೋನಿನಲ್ಲಿ ಕೂಗಾಡಿದ್ದಕ್ಕೆ ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಸಿಟ್ಟು ಆರಿದ ಮೇಲೆ ಬರೆಯೋಣವೆಂದು ಕಾದೆ. ಅದು ಆರುವ ಲಕ್ಷಣ ಕಾಣಲಿಲ್ಲ, ಬಿಸಿಬಿಸಿಯಾಗಿಯೇ ಬಡಿಸುತ್ತಿದ್ದೇನೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀ. ಕಾಗದಕ್ಕೆ ಬಾಯಿ ಹಾಕಲು ಬರುವುದಿಲ್ಲ. ಸಾವಳಗಿಯ ಸಾಲೆಯಲ್ಲಿ ನಾಲ್ಕನೇ ಇಯತ್ತೆಗೆ ನಿಂತುಹೋದ ಅಕ್ಷರ, ಸಾವಕಾಶ ಓದು.

ನಿನಗೆ ಚಾಡಿ ಹೇಳಿದವನು ನಿನ್ನ ವೇದವ್ಯಾಸ ಕಾಕಾ ಎಂದು ಗೊತ್ತು. ಅವನು ಅರ್ಧ ಹೇಳಿದ್ದಾನೆ, ಉಳಿದರ್ಧ ನನ್ನಿಂದ ಕೇಳು.

ನಮ್ಮ ಗಲ್ಲಿಯ ಗಣಪತಿ ಮಂಡಳಿಯವರು ಈ ವರ್ಷ ಹಳೆಯ ಪಿಕ್ಚರು ತೋರಿಸಬೇಕೆಂದರು. ನೀವು ಹುಡುಗರಿದ್ದಾಗ ಬಾಡಿಗೆ ಟಿವಿ ತಂದು ಕ್ಯಾಸೆಟ್ ಹಾಕುತ್ತಿರಲಿಲ್ಲವೆ, ಹಾಗೆ. ಯಾವುದು ಬೇಕೆಂದು ಕೈ ಎತ್ತಿಸಿದರೆ ಎಲ್ಲರ ಕೈಯೂ ಒಂದಕ್ಕೇ ಎದ್ದಿತಂತೆ. ರಸ್ತೆಯಲ್ಲಿ ರಟ್ಟು ಹಾಸಿಕೊಂಡು, ತಲೆಯ ಮೇಲೆ ನಿಂತು ಬುಗುರಿಯ ಹಾಗೆ ತಿರುಗುವ ಹುಡುಗರ ಆ ಇಂಗ್ಲಿಷ್ ಪಿಕ್ಚರು! ಇದಕ್ಕೆ ಮುಂದಾಳು ನಿನ್ನ ಗೆಳೆಯ ದುರಗೇಶ. ಈಗ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ, ಹೊಟ್ಟೆ ಬಂದಿದೆ. ಆದರೂ ಆ ಪಿಕ್ಚರಿನ ಮಾತು ತೆಗೆದರೆ ನಿಂತಲ್ಲೇ ಅವನ ಹೆಗಲು ಅಲುಗುತ್ತದೆ. ನಿನ್ನದೂ ಅಲುಗುತ್ತಿತ್ತು, ಮರೆತವನ ಹಾಗೆ ಮಾಡಬೇಡ. ನೀವಿಬ್ಬರೂ ಜೋಡಿಯಾಗಿ ಕಲಿತದ್ದು.

ಪ್ರೊಜೆಕ್ಟರು ಬಂತು, ಪರದೆ ಬರಲಿಲ್ಲ. ದುರಗೇಶ ಬಾಗಿಲಿಗೆ ಬಂದು, "ಆಯಿ, ಒಂದ ಬಿಳಿ ಅರಿಬಿ ಇದ್ರ ಕೊಡ್ರಿ. ದೊಡ್ಡದಿರಬೇಕ ನೋಡ್ರಿ," ಎಂದ. ನಾನು ಟ್ರಂಕು ತೆಗೆದು, ನಿಮ್ಮಪ್ಪ ತೀರಿಕೊಂಡ ಮೇಲೆ ಮಡಿಚಿಟ್ಟಿದ್ದ ಅವರ ಮಡಿ ಧೋತರ ಎರಡು ಹೊರಗೆಳೆದೆ. ಹೌದು, ಅವೇ ಕೆಂಪು ಅಂಚಿನವು. ಕುಣಿಯುತ್ತಿದ್ದ ಮಗನನ್ನು ಗಣಪತಿ ಮಂಟಪದಿಂದ ಕಿವಿ ಹಿಡಿದು ಎಳೆದು ತಂದ ದಿನ ಅವರು ಉಟ್ಟಿದ್ದೂ ಅದರಲ್ಲೊಂದು. ಎರಡನ್ನೂ ಕೂಡಿಸಿ ನಾನೇ ಹೊಲಿದುಕೊಟ್ಟೆ.

"ಇವು ಪೂಜಾದ್ದು ಅಲ್ಲೇನ್ರಿ?" ಎಂದು ದುರಗೇಶ ಹಿಂದೆ ಸರಿದ.

"ಹೌದೋ. ಟ್ರಂಕಿನ್ಯಾಗ ಹುಳಕ್ಕ ಉಡಸಲಿಕ್ಕೆ ಇಟ್ಕೊಂಡು ಕೂಡ್ಲೇನು?" ಎಂದೆ.

ಗೋಡೆಗೆ ಕಟ್ಟುತ್ತಿರುವಾಗಲೇ ನಿನ್ನ ಕಾಕಾ ನಡುಮನೆಯ ತನಕ ಓಡಿಬಂದ. "ವೈನಿ! ಅಣ್ಣಾ ಸಂಧ್ಯಾವಂದನಿ ಮಾಡೋ ಧೋತರ ಅದು! ಅದರ ಮ್ಯಾಲೆ ಕಂಡವರ ಬೂಟು ಕುಣೀಬೇಕೇನು?"

"ಅವು ಬೆಳಕಿನ ಬೂಟೋ ವ್ಯಾಸಾ. ನಿನ್ನ ಕಾಲಾಗಿನ ಖರೇ ಚಪ್ಪಲಿ ಮೊದಲು ಹೊರಗ ಬಿಟ್ಟು ಬಾ," ಎಂದೆ. ಹೋದವನು ಮತ್ತೆ ಬರಲಿಲ್ಲ. ನಿನಗೆ ಫೋನು ಮಾಡಲು ಹೋಗಿದ್ದ.

ಪಿಕ್ಚರು ಶುರುವಾದಾಗ ನಿನ್ನ ಮಗಳು ರಸಿಕಾ, "ಅಜ್ಜಿ, ಅವನ ಪ್ಯಾಂಟ್ ನೋಡು, ಜ್ವಾಳದ ಚೀಲ!" ಎಂದು ಬಿದ್ದು ಬಿದ್ದು ನಕ್ಕಳು. ಸ್ವಲ್ಪ ಹೊತ್ತಿಗೆ ನಗು ನಿಂತಿತು, ಕಾಲು ಶುರುವಾಯಿತು. ಅವಳ ಕಾಲೇಜಿನ ಗೆಳತಿ ರೇಷ್ಮಾ, ಬನಹಟ್ಟಿಯ ನೇಕಾರ ಹಣಮಪ್ಪನ ಮಗಳು, ನನ್ನ ಕಿವಿಯ ಹತ್ತಿರ ಬಂದು, "ಅಜ್ಜಿ, ಈ ತಾಳ ನಮ್ಮ ಮನ್ಯಾಗ ದಿನಾ ಕೇಳ್ತೇನಿ. ಮಗ್ಗ ಹಿಂಗ ಬಡೀತೈತ್ರಿ," ಎಂದಳು.

ನಲವತ್ತು ವರ್ಷದ ಹಿಂದಿನ ಆ ಪಿಕ್ಚರಿನಲ್ಲಿ ಏನಿದೆ ಎಂದು ಕೇಳಿದೆಯಲ್ಲ? ಕಥೆಯೇನೂ ಇಲ್ಲ. ಭಾಷೆ ನನಗೆ ತಿಳಿಯಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ. ಆ ಹುಡುಗರಿಗೆ ಮನೆ ನೆಟ್ಟಗಿಲ್ಲ, ಗುರುವಿಲ್ಲ, ಯಾರ ಅಪ್ಪಣೆಯೂ ಇಲ್ಲ. ಇರುವುದೊಂದು ರಸ್ತೆ, ಒಂದು ರಟ್ಟು. ನಮ್ಮಲ್ಲಿ ಬಿದ್ದವನನ್ನು ನೋಡಿ ನಗುತ್ತಾರೆ. ಅವರು ಬೇಕೆಂದೇ ಬೀಳುತ್ತಾರೆ, ಬಿದ್ದಲ್ಲೇ ತಿರುಗಿ ಏಳುತ್ತಾರೆ. ಅದನ್ನು ನೋಡಲು ಜನ ಇನ್ನೂ ನೂರು ವರ್ಷ ಕೂಡುತ್ತಾರೆ, ಬೇಕಾದರೆ ಬರೆದಿಟ್ಟುಕೋ.

ಮರುದಿನದಿಂದ ಇಬ್ಬರು ಹುಡುಗಿಯರೂ ಫ್ರಿಜ್ಜಿನ ರಟ್ಟು ಹಾಸಿ ನಮ್ಮ ಪಡಸಾಲೆಯಲ್ಲಿ ಕಲಿಯುತ್ತಿದ್ದಾರೆ. ಶನಿವಾರ ಗಣಪತಿ ಕಳಿಸುವ ಮೆರವಣಿಗೆಯಲ್ಲಿ ನಡುರಸ್ತೆಯಲ್ಲಿ ಕುಣಿಯುತ್ತಾರೆ. ಹಾಗೇನಾದರೂ ಕುಣಿದರೆ ಕಾಲೇಜು ಬಿಡಿಸಿ ಕರೆದುಕೊಂಡು ಹೋಗುತ್ತೇನೆ ಎಂದು ನೀನು ಹೇಳಿದೆ. ಫೋನು ಇಟ್ಟ ಮೇಲೆ ರಸಿಕಾ ರಟ್ಟನ್ನು ಮಡಿಚಿ ಬಾಗಿಲ ಹಿಂದೆ ಇಟ್ಟು, "ಹೋಗ್ಲಿ ಬಿಡು ಅಜ್ಜಿ, ಅಪ್ಪಾ ಒಲ್ಲೆ ಅಂದಮ್ಯಾಲೆ ಆತು," ಎಂದಳು. ಅತ್ತಿದ್ದರೆ ಸುಮ್ಮನಿರುತ್ತಿದ್ದೆ. ಅಳಲಿಲ್ಲ ಅವಳು. ಸೋತವರ ದನಿಯಲ್ಲಿ ಮಾತಾಡಿದಳು. ಹತ್ತೊಂಬತ್ತು ವರ್ಷದ ಹುಡುಗಿಗೆ ಆ ದನಿ ಯಾಕೆ ಬರಬೇಕು? ನಾನೇ ಹೋಗಿ ರಟ್ಟು ತಂದು ಬಿಚ್ಚಿ ಹಾಸಿದೆ.

"ಏಳಽ, ಕುಣಿ. ನಿಮ್ಮಪ್ಪಗ ನಾ ಹೇಳ್ತೀನಿ. ಅವನ್ನ ಹಡದಾಕಿ ನಾನು, ನನ್ನ ಹಡದಾಂವ ಅವ ಅಲ್ಲ."

ಹೇಳಿದೆ ನೋಡು ಈಗ. ಹುಡುಗಿ ಕುಣಿಯುತ್ತಾಳೆ, ಕಾಲೇಜಿಗೂ ಹೋಗುತ್ತಾಳೆ. ಕರೆದೊಯ್ಯಲು ಬರುವುದಾದರೆ ಬಾ, ನಿನಗೂ ಅಡುಗೆ ಮಾಡಿರುತ್ತೇನೆ. ಆದರೆ ಅವಳ ಕಿವಿಗೆ ಕೈ ಹಾಕಿದೆಯೋ, ಅದಕ್ಕೆ ಮೊದಲು ನನ್ನನ್ನು ದಾಟಬೇಕು. ಮೊಣಕಾಲು ನೋಯುತ್ತದೆ, ಬಾಯಿ ನೋಯುವುದಿಲ್ಲ.

ಸೌಂಡ್ ಬಾಕ್ಸು ತರಲು ದುರಗೇಶ ವಿಜಯಪುರಕ್ಕೆ ಬರುತ್ತಿದ್ದಾನೆ, ಈ ಕಾಗದ ಅವನ ಕೈಯಲ್ಲೇ ಕಳಿಸುತ್ತೇನೆ. ಅವನಿಗೆ ಚಹಾ ಕೊಡು, ಮುಖ ತಿರುಗಿಸಬೇಡ. ಸೊಸೆಗೆ ನನ್ನ ಆಶೀರ್ವಾದ ತಿಳಿಸು. ದೇವರು ನಿನಗೆ ಆಯುಷ್ಯ ಕೊಡಲಿ, ಜೊತೆಗೆ ಅಷ್ಟು ಬುದ್ಧಿಯನ್ನೂ ಕೊಡಲಿ.

ನಿನ್ನ ಆಯಿ,
ತುಳಸಾಬಾಯಿ

ತಾ.ಕ.: ನೀನು ಮಂಟಪದಲ್ಲಿ ಕುಣಿದ ಆ ಸಂಜೆ ನಾನು ಮಡಿಯಲ್ಲಿ ನೈವೇದ್ಯದ ಕಡಬು ಕರಿಯುತ್ತಿದ್ದೆ. ಮಡಿ ಉಟ್ಟವಳು ಹೊಸಿಲು ದಾಟಿ ಬೀದಿಗೆ ಬರುವಂತಿರಲಿಲ್ಲ. ಗಲ್ಲಿಯ ಸೀಟಿ, ಚಪ್ಪಾಳೆ ಅಡುಗೆಮನೆಯ ತನಕ ಕೇಳಿದವು. ಈ ಚಪ್ಪಾಳೆಯೆಲ್ಲ ನನ್ನ ಮಗನಿಗೇ ಎಂದು ಎಣ್ಣೆಯ ಮುಂದೆ ಕೂತು ನಗುತ್ತಿದ್ದೆ. ಆಮೇಲೆ ಒಳಗೆ ಬಂದ ಹುಡುಗನ ಬೆನ್ನಿನ ಬಾಸುಂಡೆ ಮಾತ್ರ ನೋಡಿದೆ. ಆವತ್ತಿನಿಂದ ನೀನು ಕುಣಿಯಲಿಲ್ಲ. ಮೊನ್ನೆ ದುರಗೇಶನನ್ನು ಕೇಳಿದೆ, "ನಮ್ಮ ಪಾಂಡು ಹೆಂಗ ಕುಣೀತಿದ್ದನೋ?" ಎಂದು. ತೋರಿಸಲು ಕೈ ಎತ್ತಿದವನು ಹಾಗೇ ಇಳಿಸಿದ. "ಹೇಳಾಕ ಬರೂದಿಲ್ರಿ ಆಯಿ. ನೋಡಬೇಕಿತ್ತ ನೀವು," ಎಂದ. ಇಡೀ ಗಲ್ಲಿ ನೋಡಿದೆ ಪಾಂಡು, ಹೆತ್ತವಳೊಬ್ಬಳು ನೋಡಿಲ್ಲ.

ಈ ಶನಿವಾರ ನಾನು ಮಡಿ ಉಡುವುದಿಲ್ಲ.