ಆರು ತೆಳು ಸ್ಕ್ರೂಗಳು

ಭಾನುವಾರ, ಇಪ್ಪತ್ತೊಂದನೇ ತಾರೀಖು

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರಗಳು. ನಾನಿಲ್ಲಿ ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ನೀವಲ್ಲಿ ಕ್ಷೇಮವೇ ಎಂದು ಕೇಳಿದರೆ ಗಾಯಕ್ಕೆ ಉಪ್ಪು ಸವರಿದಂತಾಗುತ್ತದೆ. ಅದಕ್ಕೆ ಆ ಎರಡು ಸಾಲನ್ನು ಬಿಟ್ಟೇ ಮುಂದಕ್ಕೆ ಹೋಗುತ್ತೇನೆ.

ಬ್ರೆಡ್ ಸುತ್ತುವ ಕಾಗದದ ಮೇಲೆ ನೀನು ಬರೆದ ಮೂರು ಪತ್ರಗಳೂ ನನ್ನ ಮುಂದಿವೆ. ಮೂರನೆಯದು ಬಂದು ಇಪ್ಪತ್ತೈದು ದಿನವಾಯಿತು. ಉತ್ತರ ಬರೆಯಲಿಲ್ಲ. ನೀನು ಫೋನ್ ಮಾಡಿದರೆ "ಮೀಟಿಂಗಲ್ಲಿದೀನಿ ಅಕ್ಕ" ಎಂದು ಇಟ್ಟುಬಿಟ್ಟೆ. ಯಾವ ಮೀಟಿಂಗೂ ಇರಲಿಲ್ಲ, ಒಂದು ಸಲವಂತೂ ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ನಿನ್ನ ದನಿ ಕೇಳಿದರೆ ಹೇಳಬೇಕಾದದ್ದನ್ನು ನುಂಗಿಬಿಡುತ್ತೇನೆ. ಕಾಗದಕ್ಕಾದರೆ ಕಿವಿಯೂ ಇಲ್ಲ, ಕಣ್ಣೀರೂ ಇಲ್ಲ. ತಡವಾದದ್ದಕ್ಕೆ ಕ್ಷಮಿಸು. ಉಳಿದದ್ದಕ್ಕೆ ಕ್ಷಮೆ ಕೇಳುವ ಧೈರ್ಯ ಇನ್ನೂ ಬಂದಿಲ್ಲ.

ಮೂರನೆಯ ಪತ್ರದಲ್ಲಿ ನೀನು ಒಂದೇ ಕೆಲಸ ಹೇಳಿದ್ದೆ. "ಇವರ ಬೆನ್ನಿಗೆ ಬೇಕಾಗಿದ್ದ ಸ್ಕ್ರೂವಿನ ಫೈಲ್ ಮೇಲೆ ಕೂತಿದ್ದ ಪಾಪಿ ಯಾರು ಅಂತ ವಿಚಾರಿಸಿ ಬರಿ. ನಾನೇನೂ ಮಾಡಲ್ಲ. ಒಂದೇ ಒಂದ್ಸಲ ಆ ಮುಖ ನೋಡ್ಬೇಕು."

ಅಕ್ಕಾ, ಆ ಮುಖವನ್ನು ನೀನು ನೋಡಿದ್ದೀಯ. ಅಮ್ಮ ಹೋದ ಮೇಲೆ ಅದನ್ನು ತೊಳೆದು, ಪೌಡರ್ ಹಚ್ಚಿ, ತಲೆ ಬಾಚಿ ಶಾಲೆಗೆ ಕಳಿಸಿದವಳು ನೀನೇ.

ಇಷ್ಟು ಬರೆದು ಎದ್ದುಹೋಗಿ ನೀರು ಕುಡಿದು ಬಂದೆ. ಇನ್ನು ಮೊದಲಿನಿಂದ ಹೇಳುತ್ತೇನೆ.

ನನ್ನ ಕೆಲಸ ಏನೆಂದು ನೀನು ಯಾವತ್ತೂ ಬಿಡಿಸಿ ಕೇಳಿಲ್ಲ. "ಸರ್ಕಾರಿ ಆಫೀಸು, ಕೂತು ಓದೋ ಕೆಲಸ" ಎಂದು ನೆಂಟರಿಗೆಲ್ಲ ಹೇಳಿಕೊಂಡು ಬಂದೆ. ಅದು ಸರಿಯೇ. ಮನುಷ್ಯರ ಮೈಯೊಳಗೆ ಕೂರಿಸುವ ಲೋಹದ ಸಾಮಾನು ಮಾರಾಟಕ್ಕೆ ಬರುವ ಮುಂಚೆ ಅದರ ಕಾಗದಪತ್ರ ನಮ್ಮಲ್ಲಿಗೆ ಬರುತ್ತದೆ. ಬೆನ್ನುಮೂಳೆಯ ಫೈಲುಗಳು ನನ್ನ ಮೇಜಿಗೆ. ಕುಸಿದ ಮೂಳೆಯ ಮೇಲೂ ಕೆಳಗೂ ಸ್ಕ್ರೂ ಕೂರಿಸಿ, ನಡುವೆ ಸರಳು ಬಿಗಿದು, ಎಲ್ಲ ಸೇರಿ ಒಂದೇ ಮೂಳೆಯಾಗಿ ಬೆಸೆದುಕೊಳ್ಳುವಂತೆ ಮಾಡುತ್ತಾರಲ್ಲ, ಆ ಸ್ಕ್ರೂಗಳು. ಹೊಸದು ಹಳೆಯದಕ್ಕೆ ಸಮ ಎಂದು ಕಂಪನಿಯವರು ತೋರಿಸಿಕೊಟ್ಟರೆ ಒಪ್ಪಿಗೆ. ಸಮವೋ ಅಲ್ಲವೋ ನೋಡುವುದೇ ನನ್ನ ಸಂಬಳ.

ಹನ್ನೊಂದು ವರ್ಷದ ಹಿಂದೆ ಹಾಗೆ "ಸಮ" ಎಂಬ ಮಾತು ನಂಬಿ ಒಂದಕ್ಕೆ ಸಹಿ ಹಾಕಿದ್ದೆ. ಎರಡು ವರ್ಷ ಕಳೆದ ಮೇಲೆ ಒಂದು ದೂರು ಬಂತು. ಬಟ್ಟೆ ಹೊಲಿಯುವ ಹೆಂಗಸೊಬ್ಬಳ ಎಕ್ಸ್‌ರೇ, ಬೆನ್ನೊಳಗೆ ಸ್ಕ್ರೂ ಎರಡು ತುಂಡು. ಯಾರೂ ನನ್ನನ್ನು ಬೈಯಲಿಲ್ಲ. ಅವತ್ತಿನಿಂದ ನಾನು ಪ್ರಶ್ನೆ ಕೇಳುವವಳಾದೆ. ಕಂಪನಿಯವರು ಬೆನ್ನ ಹಿಂದೆ ನನ್ನನ್ನು "ಕೊಕ್ಕೆಯಮ್ಮ" ಎನ್ನುತ್ತಾರಂತೆ. ಕೇಳಿ ನಕ್ಕಿದ್ದೆ. ಒಳಗೊಳಗೇ ಹೆಮ್ಮೆಯೂ ಆಗಿತ್ತು.

ಈ ವರ್ಷದ ಮೊದಲಲ್ಲಿ ಒಂದು ಫೈಲು ಬಂತು. ಮೆತ್ತಗಾದ ಮೂಳೆಗೆಂದೇ ಮಾಡಿದ ಸ್ಕ್ರೂ. ಒಳಗೆ ಕೊಳವೆಯಂತೆ ಟೊಳ್ಳು, ಪಕ್ಕದಲ್ಲಿ ಸಣ್ಣ ತೂತುಗಳು. ಕೂರಿಸಿದ ಮೇಲೆ ಆ ತೂತುಗಳ ಮೂಲಕ ಮೂಳೆಯೊಳಗೆ ಒಂದು ಬಗೆಯ ಸಿಮೆಂಟು ಇಳಿಸುತ್ತಾರೆ, ಅದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ದಪ್ಪ, ತೆಳು, ಎರಡು ಅಳತೆ. ಐವತ್ತು ಲಕ್ಷ ಸಲ ಬಗ್ಗಿಸಿ ಎಬ್ಬಿಸುವ ಪರೀಕ್ಷೆಯನ್ನು ದಪ್ಪದ್ದಕ್ಕೆ ಮಾತ್ರ ಮಾಡಿದ್ದರು. ತೆಳುವಾದದ್ದೂ ಹಾಗೇ ತಡೆಯುತ್ತದೆ ಎಂದು ಒಂದು ಸಾಲು ಬರೆದು ಕೈ ತೊಳೆದುಕೊಂಡಿದ್ದರು. ಮೊದಲೇ ತೆಳು, ಅದರ ಮೇಲೆ ತೂತು. ನಾನು ಬರೆದೆ: ತೆಳುವಾದದ್ದನ್ನೂ ಪರೀಕ್ಷಿಸಿ, ಆರು ಸ್ಕ್ರೂ. ಒಂದೊಂದಕ್ಕೆ ಹನ್ನೆರಡು ದಿನ, ಅವರಲ್ಲಿ ಇದ್ದದ್ದು ಒಂದೇ ಯಂತ್ರ. ಎಪ್ಪತ್ತೆರಡು ದಿನ ಎಂದು ಲೆಕ್ಕ ಹಾಕಿಯೇ ಬರೆದೆ. ಈಗಲೂ ಹೇಳುತ್ತೇನೆ, ಆ ಪ್ರಶ್ನೆ ತಪ್ಪಲ್ಲ.

ಅದು ಹೋಗಿ ಹದಿನಾರು ದಿನಕ್ಕೆ ನಿನ್ನ ಮೊದಲ ಪತ್ರ ಬಂತು. ಭಾವನಿಗೆ ಹಿಟ್ಟಿನ ಧೂಳಿಗೆ ಬಂದ ಉಬ್ಬಸ, ಉಬ್ಬಸಕ್ಕೆ ಇಪ್ಪತ್ತು ವರ್ಷ ನುಂಗಿದ ಮಾತ್ರೆ, ಮಾತ್ರೆಗೆ ಸವೆದ ಮೂಳೆ, ಈಗ ಸೊಂಟದ ಹತ್ತಿರ ಒಂದು ಮೂಳೆ ಕುಸಿದಿದೆ ಎಂದು. ಹಳೆಯ ಸ್ಕ್ರೂ ಅದರಲ್ಲಿ ಕಚ್ಚುವುದಿಲ್ಲ, ಹೊಸದೊಂದು ಬರುವುದರಲ್ಲಿದೆ, ಅಲ್ಲಿಯವರೆಗೆ ಅಲುಗಾಡದೆ ಮಲಗಿರಲಿ ಎಂದರಂತೆ ಡಾಕ್ಟರು. ಡಾಕ್ಟರ ಚೀಟಿಯಿಂದ ಆ ಸ್ಕ್ರೂವಿನ ಹೆಸರನ್ನು ನೀನು ಅಕ್ಷರ ಅಕ್ಷರ ನೋಡಿ ಇಳಿಸಿದ್ದೆ. "ನಿಮ್ಮ ಆಫೀಸಲ್ಲೇ ಇದೆಯಂತೆ ಕಣೇ. ಯಾರಿಗಾದ್ರೂ ಒಂದ್ಮಾತು ಹೇಳು." ನಾನು "ವಿಚಾರಿಸುತ್ತೇನೆ" ಎಂದು ಉತ್ತರ ಬರೆದೆ. ವಿಚಾರಿಸಲು ಏನಿತ್ತು? ಫೈಲು ನನ್ನ ಮೊಣಕೈ ಕೆಳಗಿತ್ತು.

ಆ ಭಾನುವಾರ ನಿಮ್ಮಲ್ಲಿಗೆ ಬಂದೆನಲ್ಲ. ಬೇಕರಿಯ ಹಿಂದಿನ ಕೋಣೆಯಲ್ಲಿ, ಹಿಟ್ಟಿನ ಮೂಟೆಗಳನ್ನು ಆಚೆ ಸರಿಸಿ, ಹಲಗೆಯ ಮೇಲೆ ಭಾವನನ್ನು ಮಲಗಿಸಿದ್ದೆ. ಎದೆಯಿಂದ ಸೊಂಟದವರೆಗೆ ಬಿಗಿದ ಪಟ್ಟಿ. ನಿನ್ನ ಮಗಳು ಮುಂದೆ ಗಿರಾಕಿಗಳನ್ನು ನೋಡಿಕೊಳ್ಳುತ್ತ, ಒಲೆಗೂ ಓಡುತ್ತ ಬೆವರುತ್ತಿದ್ದಳು. ಭಾವ ನನ್ನನ್ನು ಕಂಡವರೇ ನಕ್ಕರು.

"ಬಾರೇ ಕಡ್ಡಿ. ಡಾಕ್ಟ್ರು ಹೇಳಿದ್ದು ಕೇಳಿದ್ಯಾ? ನನ್ನ ಮೂಳೆ ಬ್ರೆಡ್ ಥರ ಆಗಿದೆಯಂತೆ. ಮೂವತ್ತು ವರ್ಷ ಮಾಡಿದ್ದಕ್ಕೆ ಕೂಲಿ ನೋಡು."

ನಾನು ಏನೋ ಸಮಾಧಾನ ಹೇಳಿದೆ.

"ನಿಮ್ಮ ಆಫೀಸಿನೋರು ಹಿಟ್ಟು ಕಲಸಿ ಉಬ್ಬೋಕೆ ಇಟ್ಟು ಮರೆತು ಹೋದ್ರಾ ಹೇಗೆ?"

ನೀನು ಬಾಗಿಲಲ್ಲಿ ನಿಂತು ರೇಗಿದೆ. "ಅಲ್ಲಿ ಎಲ್ಲಾರೂ ಕುರ್ಚಿ ಬಿಸಿ ಮಾಡೋರೇ." ಆಗ ಅವರು ನಿನಗೇ ಗದರಿದರು. "ಸುಮ್ನಿರೇ. ಅವಸರಕ್ಕೆ ಒಲೆಗೆ ಹಾಕಿದ್ರೆ ಒಳಗೆ ಹಸಿ ಉಳಿಯುತ್ತೆ. ಸರಿಯಾಗಿ ನೋಡಿಯೇ ಕೊಡಲಿ. ನನ್ನ ಬೆನ್ನೊಳಗೆ ತಾನೇ ಇರೋದು?"

ಫೈಲು ನನ್ನದೇ ಎಂದು ಅಲ್ಲೇ ಹೇಳಬಹುದಿತ್ತು. ಕಡ್ಡಿ ಮುರಿದ ಹಾಗೆ ಮಾತಾಡುತ್ತೇನೆಂದು ಅವರೇ ಇಟ್ಟ ಹೆಸರದು, ಅವತ್ತು ಮಾತ್ರ ಬಾಯಿ ಬರಲಿಲ್ಲ. ಮರುದಿನ ಹೋಗಿ ನಮ್ಮ ವಿಭಾಗದ ಮುಖ್ಯಸ್ಥರಿಗೆ ತಿಳಿಸಿದೆ, ನಮ್ಮ ಮನೆಯವರೊಬ್ಬರು ಇದಕ್ಕಾಗಿ ಕಾಯುತ್ತಿದ್ದಾರೆ ಎಂದು. ಫೈಲು ನನ್ನಲ್ಲೇ ಉಳಿಯಿತು.

ಕಂಪನಿಯವರು ತೆಳು ಸ್ಕ್ರೂ ತಯಾರಿಸಿ ಮೊದಲನೆಯದನ್ನು ಯಂತ್ರಕ್ಕೆ ಏರಿಸಿದ್ದು ಆ ವಾರವೇ, ಆಮೇಲೆ ದಿನ ಎಣಿಸುತ್ತ ಕೂತೆ. ಕಂಪನಿಯ ಹುಡುಗಿಯೊಬ್ಬಳು ವಾರಕ್ಕೊಮ್ಮೆ ಫೋನಿನಲ್ಲಿ ಹೇಳುತ್ತಿದ್ದಳು: ಮೊದಲನೆಯದು ಮುಗಿಯಿತು ಮೇಡಂ, ಎರಡನೆಯದು ಹತ್ತಿಸಿದ್ದೀವಿ ಮೇಡಂ. ನಾಲ್ಕನೆಯದು ಯಂತ್ರಕ್ಕೆ ಏರಿ ಮೂರನೆಯ ದಿನವೋ ನಾಲ್ಕನೆಯ ದಿನವೋ, ಬೆಳಿಗ್ಗೆ ಭಾವನಿಗೆ ಕೆಮ್ಮು ಹತ್ತಿತು. ನೀನು ಹಾಲು ತರಲು ಹೋಗಿದ್ದೆ. ಕೆಮ್ಮಿನ ಭರಕ್ಕೆ ಅವರು ಒಬ್ಬರೇ ಮಗ್ಗುಲಾಗಿ ಏಳಲು ನೋಡಿದರು. "ಒಣಕಡ್ಡಿ ಮುರಿದ ಸದ್ದು ಬಂತಂತೆ, ಆಮೇಲೆ ಕಾಲು ಎಲ್ಲಿದೆ ಅಂತಾನೇ ಗೊತ್ತಾಗ್ಲಿಲ್ವಂತೆ" ಎಂದು ನೀನು ಎರಡನೆಯ ಪತ್ರದಲ್ಲಿ ಬರೆದಿದ್ದೆ. ಅವತ್ತೇ ಆಪರೇಷನ್ ಮಾಡಿದರು, ಇದ್ದ ಹಳೆಯ ಸ್ಕ್ರೂಗಳಲ್ಲೇ. ನರ ಜಜ್ಜಿಹೋಗಿತ್ತು. ಕಾಲು ಮರಳಲಿಲ್ಲ.

ಆಸ್ಪತ್ರೆಗೆ ಬಂದಾಗ ಭಾವ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಒಂದು ತಮಾಷೆಯನ್ನೂ ಮಾಡಲಿಲ್ಲ. ಹೊರಡುವಾಗ ಮಾತ್ರ ಕೇಳಿದರು. "ಒಲೆ ಮುಂದೆ ಕೂತ್ಕೊಂಡು ಕೆಲಸ ಮಾಡೋಕಾಗುತ್ತೇನೇ, ಕಡ್ಡಿ?" ಯಾಕಾಗಲ್ಲ ಎಂದೆ. ಆ ಒಲೆಯ ಬಾಯಿ ನನ್ನ ಎದೆಮಟ್ಟಕ್ಕಿದೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು.

ಐದು ವಾರದ ಮೇಲೆ ಪರೀಕ್ಷೆಯ ವರದಿ ಬಂತು. ಲಕೋಟೆ ಒಡೆಯುವಾಗ ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ಬರೆಯಲೇಬೇಕು. ಒಂದಾದರೂ ಮುರಿದಿರಲಿ, ದೇವರೇ, ಒಂದೇ ಒಂದು, ಎಂದು ಬೇಡಿಕೊಂಡು ಹಾಳೆ ತಿರುವಿದೆ. ಮುರಿದಿದ್ದರೆ ನಾನು ನಾಲ್ಕು ಜನರ ಬೆನ್ನು ಉಳಿಸಿದವಳು, ಭಾವನ ಕಾಲಿಗೆ ಒಂದು ಅರ್ಥ. ನಾಲ್ಕನೆಯ ಹಾಳೆಯಲ್ಲಿ ಪಟ್ಟಿ ಇತ್ತು. ಆರೂ ಐವತ್ತು ಲಕ್ಷ ಮುಟ್ಟಿದ್ದವು. ಒಂದರಲ್ಲೂ ಕೂದಲೆಳೆಯಷ್ಟು ಬಿರುಕಿಲ್ಲ. ಒಳ್ಳೆಯ ಸ್ಕ್ರೂ, ಅಕ್ಕ. ಅವತ್ತು ಮಧ್ಯಾಹ್ನವೇ ಒಪ್ಪಿಗೆಗೆ ಸಹಿ ಹಾಕಿದೆ. ಪಕ್ಕದ ಮೇಜಿನವರು "ಏನು ಮೇಡಂ, ಈ ಸಲ ಕೊಕ್ಕೆ ಸಿಗಲಿಲ್ವಾ?" ಎಂದು ನಕ್ಕರು. ಕೈ ತೊಳೆಯುವ ಕೋಣೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ಇಷ್ಟು ನಿನಗೆ ತಿಳಿಯಬೇಕಾದದ್ದು. ಭಾವನಿಗೆ ಓದಿ ಹೇಳುವುದೋ ಬಿಡುವುದೋ ನಿನಗೆ ಸೇರಿದ್ದು. ಅವರ ಪಾದಗಳಿಗೆ ನಮಸ್ಕಾರ ಎಂದು ಕೈ ತಾನಾಗಿ ಬರೆಯಲು ಹೋಯಿತು, ಅಷ್ಟಕ್ಕೇ ನಿಂತಿತು. ನಿನ್ನ ಮಗಳಿಗೆ ನನ್ನ ಆಶೀರ್ವಾದ. ಅವಳು ಒಲೆ ಹತ್ತಿರ ಮೂಗಿಗೆ ಬಟ್ಟೆ ಕಟ್ಟದೆ ನಿಲ್ಲುತ್ತಾಳೆ, ಹಿಟ್ಟಿನ ಧೂಳು ಕೆಟ್ಟದ್ದು, ಬೈದಾದರೂ ಕಟ್ಟಿಸು. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಅವರನ್ನು ಹೊರಳಿಸುವಾಗ ನಿನ್ನ ಸೊಂಟ ನೋಡಿಕೊ. ನಿಮ್ಮ ಮೂವರನ್ನೂ ದೇವರು ಕಾಯಲಿ.

ಇಂತು ನಿನ್ನ,
ಕಡ್ಡಿ

ಮರೆತ ಮಾತು: ಮರೆತದ್ದಲ್ಲ, ಅಕ್ಕ. ಮಡಿಸಿ ಲಕೋಟೆಗೆ ಹಾಕಿದ್ದನ್ನು ಮತ್ತೆ ತೆಗೆದು ಬರೆಯುತ್ತಿದ್ದೇನೆ. ಮುಖ್ಯಸ್ಥರಿಗೆ ತಿಳಿಸಿದೆ, ಫೈಲು ನನ್ನಲ್ಲೇ ಉಳಿಯಿತು ಎಂದು ಮೇಲೆ ಎರಡು ಸಾಲಿನಲ್ಲಿ ಜಾರಿಕೊಂಡಿದ್ದೇನೆ. ಅವತ್ತು ಅವರು ಕನ್ನಡಕ ತೆಗೆದಿಟ್ಟು ಹೇಳಿದ್ದು ಇದು: "ಮೇಡಂ, ದಪ್ಪ ಅಳತೆ ಪರೀಕ್ಷೆ ಮುಗಿಸಿ ಪಾಸಾಗಿದೆಯಲ್ಲ. ಅದಕ್ಕೆ ಈಗ್ಲೇ ಒಪ್ಪಿಗೆ ಕೊಟ್ಬಿಡೋಣ, ತೆಳುವಿಗೆ ಆಮೇಲೆ ಕೊಡೋಣ. ನಿಯಮದಲ್ಲಿ ಜಾಗ ಇದೆ. ನಿಮಗೆ ಮುಜುಗರ ಅಂದ್ರೆ ಫೈಲು ಬೇರೆಯೋರಿಗೆ ಕೊಡ್ತೀನಿ, ಅವರು ಸಹಿ ಹಾಕ್ತಾರೆ." ನಾನು ಬೇಡ ಎಂದೆ. "ನಾಳೆ ಯಾರೂ ಮನೆಯೋರಿಗೋಸ್ಕರ ಫೈಲು ಓಡಿಸಿದ್ಲು ಅನ್ನಬಾರದು ಸಾರ್. ಎರಡೂ ಒಟ್ಟಿಗೇ ಹೋಗ್ಲಿ." ಅವರು ನನ್ನ ಪ್ರಾಮಾಣಿಕತೆಯನ್ನು ಹೊಗಳಿದರು. ಭಾವನಿಗೆ ಕೆಮ್ಮು ಬರಲು ಆಗ ಇನ್ನೂ ನಲವತ್ತು ದಿನ ಇತ್ತು. ಸೊಂಟದ ಮೂಳೆಗೆ ಹಾಕುವುದು ದಪ್ಪ ಅಳತೆಯನ್ನೇ, ಅದು ನನಗೆ ಗೊತ್ತಿತ್ತು. ಕಾಯುತ್ತಿದ್ದವರು ಬೇರೆ ಯಾರ ಭಾವನಾದರೂ ಆಗಿದ್ದರೆ ಅವತ್ತೇ ಸಹಿ ಹಾಕುತ್ತಿದ್ದೆ.